ಅಕ್ಕಿಕಾಳಿನಷ್ಟು ತುಣುಕು

ಊರಿನ ಯಾವ ಆಸ್ಪತ್ರೆಯಲ್ಲಿ ಯಾರ ಮೈಯಿಂದ ಏನನ್ನು ಕತ್ತರಿಸಿ ತೆಗೆದರೂ ಅದು ಕೊನೆಗೆ ಬಂದು ಸೇರುತ್ತಿದ್ದದ್ದು ಗುಡುಗಣ್ಣನ ಮೇಜಿಗೆ. ಕುತ್ತಿಗೆಯ ಗಂಟು, ಕರುಳಿನ ಹುಣ್ಣು, ಬೆನ್ನಿನ ಮಚ್ಚೆ, ಹೆಂಗಸರ ಗರ್ಭಕೋಶ, ಎಲ್ಲವೂ ಸಣ್ಣ ದೊಡ್ಡ ಸೀಸೆಗಳಲ್ಲಿ ಮುಳುಗಿ, ಮೈಗೊಂದು ಚೀಟಿ ಅಂಟಿಸಿಕೊಂಡು ಬೆಳಿಗ್ಗೆ ಹತ್ತರ ಹೊತ್ತಿಗೆ ಲ್ಯಾಬಿಗೆ ಬಂದು ಸಾಲಾಗಿ ನಿಲ್ಲುತ್ತಿದ್ದವು. ಅವುಗಳ ತುಣುಕನ್ನು ಮೇಣದಲ್ಲಿ ಹೂತು, ಆ ಮೇಣದ ಅಚ್ಚನ್ನು ಯಂತ್ರಕ್ಕೆ ಕೊಟ್ಟು ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಪಟ್ಟಿಯ ಮೇಲೆ ಹಾಸಿ, ಬಣ್ಣ ಹಚ್ಚಿ, ಒಳಕೋಣೆಯಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತ ಡಾಕ್ಟರಮ್ಮನ ಕೈಗೆ ಕೊಡುವುದು ಅವನ ಕೆಲಸ. ಹದಿನೆಂಟು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದ. ಅವನು ಸೀಳಿದ ಪದರದಲ್ಲಿ ಒಂದು ಸುಕ್ಕಿಲ್ಲ, ಒಂದು ಗೀರಿಲ್ಲ. ಅದನ್ನು ಯಾರೂ ಹೊಗಳದಿದ್ದರೆ ತಾನೇ ಹೊಗಳಿಕೊಳ್ಳುತ್ತಿದ್ದ.

ಆಸಾಮಿ ಐದಡಿ ಮೂರಂಗುಲ, ತೂಕ ಕೇಳಿದರೆ ನಗು ಬರುವಷ್ಟು. ದನಿ ಮಾತ್ರ ದೇವರು ಇನ್ಯಾರಿಗೋ ಇಟ್ಟಿದ್ದನ್ನು ತಪ್ಪಿ ಇವನಿಗೆ ಕೊಟ್ಟಂತಿತ್ತು. ಆಸ್ಪತ್ರೆಗಳ ಥಿಯೇಟರ್ ನರ್ಸುಗಳಿಗೆ ಅವನ ಮುಖ ಗೊತ್ತಿರಲಿಲ್ಲ, ಫೋನಿನಲ್ಲಿ ಬರುವ ದನಿ ಗೊತ್ತಿತ್ತು. ಚೀಟಿಯಲ್ಲಿ ಎಡ ಬಲ ಬರೆದಿಲ್ಲ, ಸೀಸೆಯ ಮುಚ್ಚಳ ಸಡಿಲ, ದೊಡ್ಡ ಗಡ್ಡೆಯನ್ನು ಚಿಕ್ಕ ಸೀಸೆಗೆ ತುರುಕಿದ್ದಾರೆ, ಇಂಥ ಯಾವ ತಪ್ಪು ಸಿಕ್ಕಿದರೂ ಫೋನು ಎತ್ತುತ್ತಿದ್ದ. "ಸಿಸ್ಟರ್, ಇದು ಮನುಷ್ಯನ ಮೈಯದ್ದಾ, ಸಂತೇಲಿ ಬಿದ್ದಿದ್ದಾ?" ಎಂದು ಶುರುವಾದರೆ ಆ ಕಡೆಯವರು ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿಯುತ್ತಿದ್ದರು. ಗುಡುಗಣ್ಣ ಎಂಬ ಹೆಸರು ಇಟ್ಟವರೂ ಅವರೇ. ಹೆಸರು ಅವನ ಕಿವಿಗೂ ಬಿದ್ದಿತ್ತು, ಒಳಗೊಳಗೇ ಖುಷಿಪಟ್ಟಿದ್ದ.

ಅವನು ಹೆಚ್ಚು ಗುಡುಗುತ್ತಿದ್ದದ್ದು ಒಂದು ವಿಷಯಕ್ಕೆ. ಮೈಯಿಂದ ತೆಗೆದ ಎಲ್ಲ ತುಣುಕನ್ನೂ ಕೊಳೆಯದಂತೆ ಫಾರ್ಮಲಿನ್‌ನಲ್ಲಿ ಹಾಕುತ್ತಾರೆ. ಒಂದನ್ನು ಮಾತ್ರ ಹಾಗೆ ಹಾಕಬಾರದು, ಗಂಡಸಿನ ವೃಷಣದಿಂದ ತೆಗೆದದ್ದನ್ನು. ಅದಕ್ಕೆ ಬೇರೆಯದೇ ದ್ರಾವಣ ಇದೆ, ಲ್ಯಾಬಿನವರ ಬಾಯಲ್ಲಿ ಅದು ಹಳದಿ ನೀರು. ಫಾರ್ಮಲಿನ್‌ಗೆ ಬಿದ್ದರೆ ಒಳಗಿನ ಎಳೆ ಎಳೆ ನಳಿಕೆಗಳು ಮುದುಡಿ ಒಂದರಿಂದೊಂದು ದೂರ ಸರಿಯುತ್ತವೆ, ಜೀವಕೋಶಗಳು ಕಲಸಿಹೋಗುತ್ತವೆ. ಆಮೇಲೆ ಎಂಥ ಕಣ್ಣಿದ್ದರೂ ಒಳಗೆ ಏನು ನಡೆಯುತ್ತಿತ್ತು ಎಂದು ಹೇಳಲಾಗದು. ಇದನ್ನು ಅವನು ಚೀಟಿ ಬರೆದು ಅಂಟಿಸಿದ್ದ, ಹಳದಿ ನೀರಿನ ಸೀಸೆಗಳನ್ನು ಆಸ್ಪತ್ರೆಗಳಿಗೆ ಮೊದಲೇ ಕಳಿಸಿಟ್ಟಿದ್ದ, ಆದರೂ ವರ್ಷಕ್ಕೆ ಎರಡು ಮೂರು ಸಲ ಯಾರಾದರೂ ಎಡವುತ್ತಿದ್ದರು. ಆಗ ಅವನನ್ನು ಹಿಡಿಯುವವರಿರಲಿಲ್ಲ. "ಒಂದು ಸಂಸಾರದ ಪ್ರಶ್ನೆ ಸಿಸ್ಟರ್! ಮಕ್ಕಳಾಗದೆ ಒದ್ದಾಡ್ತಿರೋ ಗಂಡ ಹೆಂಡತಿ ಪ್ರಶ್ನೆ! ನಿಮ್ಮ ಮನೇಲಿ ಆಗಿದ್ರೆ ಹೀಗೆ ಮಾಡ್ತಿದ್ರಾ?"

ಹೀಗೆ ಊರಿಗೆಲ್ಲ ಬುದ್ಧಿ ಹೇಳುತ್ತಿದ್ದವನ ಮನೆಯಲ್ಲಿ ಏನಿತ್ತು ಎಂದು ಈಗ ಹೇಳಬೇಕು. ಹೇಳಲು ನನಗೇ ಮುಜುಗರ, ಆದರೆ ಹೇಳದೆ ಕಥೆ ಮುಂದೆ ಹೋಗುವುದಿಲ್ಲ.

ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿರಲಿಲ್ಲ. ಹೆಂಡತಿ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಬಂದವರನ್ನು ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಗೋಡೆಯ ಅಕ್ಷರ ಓದಿಸಿ, ತಾಳ್ಮೆಯಿಂದ ಮಸೂರ ಬದಲಿಸುತ್ತಾ "ಇದು ಚೆನ್ನಾಗಿದೆಯಾ, ಅದಾ?" ಎಂದು ಕೇಳುವ ಹೆಂಗಸು. ಮನೆಯಲ್ಲಿ ಮೂರನೆಯವಳು ಅವನ ತಾಯಿ. ಹೊಲಿಗೆ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಕೆಟ್ಟವಳಲ್ಲ, ನಾಲಿಗೆ ಮಾತ್ರ ಕತ್ತರಿಯಷ್ಟೇ ಚುರುಕು. "ನಮ್ಮ ವಂಶದಲ್ಲಿ ಗಂಡಸರ ಕಡೆಯಿಂದ ಯಾವತ್ತೂ ತೊಂದರೆ ಇಲ್ಲಪ್ಪ" ಎಂದು ಗಾಳಿಗೆ ಹೇಳುತ್ತಿದ್ದಳು. ಗಾಳಿಗೆ ಹೇಳಿದ್ದು ಯಾರಿಗೆ ತಗಲಬೇಕೋ ಅವರಿಗೇ ತಗಲುತ್ತಿತ್ತು.

ನಾಲ್ಕು ವರ್ಷದ ಹಿಂದೆ ಹೆಂಡತಿಯನ್ನು ನೋಡುತ್ತಿದ್ದ ಡಾಕ್ಟರು ಗಂಡನ ಪರೀಕ್ಷೆಯೂ ಆಗಲಿ ಎಂದರು. ತಾನೇ ಲ್ಯಾಬಿನವನು, ಇನ್ನೊಬ್ಬರ ಮುಂದೆ ಡಬ್ಬಿ ಹಿಡಿದು ನಿಲ್ಲುವುದೇಕೆ ಎಂದುಕೊಂಡು ಒಂದು ಭಾನುವಾರ ಮಧ್ಯಾಹ್ನ ಲ್ಯಾಬಿನ ಬೀಗ ತೆಗೆದು ತನ್ನ ವೀರ್ಯವನ್ನು ತಾನೇ ಗಾಜಿನ ಮೇಲೆ ಹಾಕಿ ನೋಡಿದ. ವೀರ್ಯಾಣು ಒಂದೂ ಕಾಣಲಿಲ್ಲ. ಇನ್ನೊಂದು ಹನಿ ಹಾಕಿದ. ಅದರಲ್ಲೂ ಇಲ್ಲ. ಯಂತ್ರದಲ್ಲಿ ಗಿರ್ರನೆ ತಿರುಗಿಸಿ ತಳಕ್ಕಿಳಿದದ್ದನ್ನು ನೋಡಿದ, ಇಲ್ಲ. ಮುಂದಿನ ಭಾನುವಾರವೂ ಅದೇ ಸೊನ್ನೆ. ಆಗ ಅವನು ಟೈಪು ಮಾಡುವ ಯಂತ್ರದ ಮುಂದೆ ಕೂತು, ಲ್ಯಾಬಿನ ಹೆಸರಿದ್ದ ಕಾಗದದ ಮೇಲೆ, ಸೊನ್ನೆ ಇರಬೇಕಾದ ಕಡೆ ಆರು ಕೋಟಿ ಎಂದು ಹೊಡೆದ. ಆರು ಕೋಟಿ! ಸುಳ್ಳು ಹೇಳುವವನು ಕಡಿಮೆಯಾದರೂ ಹೇಳಬಾರದೆ? ಆ ಕಾಗದವನ್ನು ಹೆಂಡತಿಯೇ ಫೈಲಿಗೆ ಸೇರಿಸಿ ಡಾಕ್ಟರಿಗೆ ಒಯ್ದಳು. ಡಾಕ್ಟರು ನೋಡಿ, "ಗಂಡನದು ಬಂಗಾರ, ಇನ್ನು ನಿಮ್ಮದನ್ನೇ ಹುಡುಕಬೇಕು" ಎಂದರು.

ಅಲ್ಲಿಂದ ಶುರುವಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಅದು ಆ ಮನೆಯಲ್ಲಿ ನಾಲ್ಕು ವರ್ಷ ನಡೆಯಿತು. ಅವಳಿಗೆ ಮಾತ್ರೆ, ಸೂಜಿ, ಗರ್ಭನಾಳಕ್ಕೆ ಬಣ್ಣ ಬಿಟ್ಟು ತೆಗೆದ ಎಕ್ಸ್-ರೇ, ಹೊಟ್ಟೆಗೆ ತೂತು ಮಾಡಿ ಇಣುಕಿ ನೋಡುವ ಆಪರೇಷನ್ನು. ಸೂಜಿಯಿಂದ ಮೈ ಊದಿತು, ತಲೆಕೂದಲು ಉದುರಿತು. ಪ್ರತಿ ಸಲವೂ ಅವನು ರಜ ಹಾಕಿ ಜೊತೆಗೆ ಹೋದ, ಹೊರಗಿನ ಬೆಂಚಿನಲ್ಲಿ ಕೂತ, ಕೈ ಹಿಡಿದು ಮನೆಗೆ ಕರೆತಂದ. ನೆರೆಯವರು ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದರು. ಕೇಳಿದಾಗ ಅವನಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆ ಆದದ್ದೇನೋ ನಿಜ, ಆದರೆ ಆ ನಾಚಿಕೆ ಅವನ ಬಾಯಿ ತೆರೆಸಲಿಲ್ಲ, ಇನ್ನಷ್ಟು ಮುಚ್ಚಿಸಿತು.

ಈಗ ಎರಡನೇ ಆಪರೇಷನ್ನು ಎಂದಾಯಿತು. ಮುಂದಿನ ತಿಂಗಳ ಎರಡನೇ ಸೋಮವಾರಕ್ಕೆ ಗೊತ್ತಾಯಿತು. ಅವಳು ಒಗೆದ ಬಟ್ಟೆ ಮಡಿಸುತ್ತಾ, "ಈ ಸಲ ಯಾಕೋ ಭಯ ಆಗ್ತಿದೆ ರೀ. ಕಳೆದ ಸಲ ಪ್ರಜ್ಞೆ ಬರೋವಾಗ ಉಸಿರು ಸಿಕ್ಕಿಹಾಕ್ಕೊಂಡಿತ್ತು" ಎಂದಳು. ಅವನು ಆ ಕಡೆಯ ತುದಿ ಹಿಡಿದು ಹೊದಿಕೆ ಮಡಿಸಲು ನೆರವಾದ. ಈ ಆಪರೇಷನ್ನನ್ನು ಆಗಗೊಡಬಾರದು ಎಂಬುದು ಅಂದು ಅವನ ಮನಸ್ಸಿಗೆ ಖಚಿತವಾಯಿತು. ಅದನ್ನು ತಪ್ಪಿಸಲು ನಿಜ ಹೇಳಿದರೆ ಸಾಕಿತ್ತು. ಆದರೆ ಕಳ್ಳನಿಗೊಂದು ಪಿಳ್ಳೆ ನೆವ. ಮೊದಲು ತನ್ನಲ್ಲಿ ಏನಾಗಿದೆ ಎಂದು ಸರಿಯಾಗಿ ತಿಳಿದುಕೊಳ್ಳುತ್ತೇನೆ, ಸರಿಪಡಿಸುವಂಥದ್ದಾದರೆ ಸದ್ದಿಲ್ಲದೆ ಸರಿಪಡಿಸಿಕೊಳ್ಳುತ್ತೇನೆ, ಆಮೇಲೆ ಅವಳ ಆಪರೇಷನ್ನು ಮುಂದೂಡಲು ಏನಾದರೂ ಸಬೂಬು ಹುಡುಕುತ್ತೇನೆ ಎಂದು ಲೆಕ್ಕ ಹಾಕಿದ.

ಊರಿನ ಆಚೆ ತುದಿಯ ನರ್ಸಿಂಗ್ ಹೋಮಿನಲ್ಲಿ ಗಂಡಸರ ಈ ಕಾಯಿಲೆ ನೋಡುವ ಸರ್ಜನ್ ಒಬ್ಬರಿದ್ದರು. ಅಲ್ಲಿಗೆ ಹೋದ. ಹೆಸರು ಬೇರೆ ಬರೆಸಿದ, ಕಸುಬು ಪುಸ್ತಕದ ಬೈಂಡಿಂಗ್ ಎಂದು ಹೇಳಿದ. ಅವನ ದೊಡ್ಡ ಸಮಸ್ಯೆ ದನಿ. ಅಲ್ಲಿನ ಥಿಯೇಟರ್ ಸಿಸ್ಟರ್ ಹನ್ನೆರಡು ವರ್ಷದಿಂದ ಅವನ ಬೈಗುಳ ತಿಂದವಳು, ಕತ್ತಲಲ್ಲಿ ಕೆಮ್ಮಿದರೂ ಗುರುತು ಹಿಡಿಯುತ್ತಾಳೆ. ಅದಕ್ಕೆ ಕುತ್ತಿಗೆಗೊಂದು ಬಟ್ಟೆ ಸುತ್ತಿಕೊಂಡು, ಗಂಟಲು ಕಟ್ಟಿದೆ ಎಂದು ಸನ್ನೆ ಮಾಡಿ, ಬೇಕಾದಷ್ಟನ್ನೇ ಪಿಸುಗುಟ್ಟಿದ.

ಸರ್ಜನ್ ವೀರ್ಯದ, ರಕ್ತದ ಪರೀಕ್ಷೆ ಮಾಡಿಸಿ ನೋಡಿದರು, ಮುಟ್ಟಿ ನೋಡಿದರು. "ಗಾತ್ರ ಸರಿಯಾಗಿದೆ, ಹಾರ್ಮೋನೂ ಸರಿಯಾಗಿದೆ. ಆದರೂ ಸೊನ್ನೆ. ಹಾಗಾದ್ರೆ ಎರಡರಲ್ಲಿ ಒಂದು. ಒಳಗೆ ವೀರ್ಯಾಣು ತಯಾರಾಗ್ತಿದೆ, ಹೊರಗೆ ಬರೋ ದಾರಿ ಮುಚ್ಚಿದೆ. ಇಲ್ಲಾಂದ್ರೆ ತಯಾರಾಗೋದೇ ನಿಂತಿದೆ. ದಾರಿ ಮುಚ್ಚಿದ್ರೆ ಬಿಡಿಸಬಹುದು. ಯಾವುದು ಅಂತ ಹೊರಗಿಂದ ಹೇಳೋಕಾಗಲ್ಲ, ಅಕ್ಕಿಕಾಳಿನಷ್ಟು ತುಣುಕು ತೆಗೆದು ನೋಡಬೇಕು" ಎಂದರು. ಇದನ್ನೆಲ್ಲ ಅವರಿಗಿಂತ ಚೆನ್ನಾಗಿ ಬಲ್ಲ ಮನುಷ್ಯ, ಏನೂ ತಿಳಿಯದವನಂತೆ ತಲೆಯಾಡಿಸಿದ. ತುಣುಕು ಹೇಗೂ ತನ್ನ ಲ್ಯಾಬಿಗೇ ಬರುತ್ತದೆ, ತಾನೇ ಸೀಳುತ್ತೇನೆ, ಡಾಕ್ಟರಮ್ಮ ಯಾರೋ ಬೈಂಡಿಂಗಿನವನದೆಂದು ನೋಡಿ ಬರೆಯುತ್ತಾರೆ, ಮೂರನೆಯವರಿಗೆ ಗೊತ್ತಾಗುವುದಿಲ್ಲ. ಎಲ್ಲವೂ ಅಚ್ಚುಕಟ್ಟಾಗಿ ಕೂಡಿಬಂತೆಂದು ಅವನಿಗೆ ಸಮಾಧಾನವಾಯಿತು.

ಹೆಂಡತಿಯ ಆಪರೇಷನ್ನಿಗೆ ಸರಿಯಾಗಿ ಒಂದು ವಾರ ಉಳಿದಿದ್ದಾಗ, ಆ ಸೋಮವಾರ ಬೆಳಿಗ್ಗೆ, ಅವನನ್ನು ಥಿಯೇಟರಿನ ಮೇಜಿನ ಮೇಲೆ ಮಲಗಿಸಿದರು. ಮುಖಕ್ಕೂ ಸೊಂಟಕ್ಕೂ ನಡುವೆ ಹಸಿರು ಬಟ್ಟೆಯ ಪರದೆ. ಸೂಜಿ ಚುಚ್ಚಿ ಮರಗಟ್ಟಿಸಿದರು. ಕತ್ತರಿಸುವುದು ಗೊತ್ತಾಗಲಿಲ್ಲ, ಎಳೆದಂತೆ ಮಾತ್ರ ಅನ್ನಿಸಿತು. ಪರದೆಯಾಚೆ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಸೀಸೆ ಕೊಡಿ ಸಿಸ್ಟರ್. ಫಾರ್ಮಲಿನ್" ಎಂದರು ಸರ್ಜನ್.

ಗುಡುಗಣ್ಣನ ಕಣ್ಣು ಅಗಲವಾಯಿತು.

"ಸರ್, ಇದಕ್ಕೆ ಲ್ಯಾಬಿನವರು ಇನ್ನೇನೋ ಹಾಕಿ ಅಂತಿದ್ರಲ್ಲ?" ಎಂದಳು ಸಿಸ್ಟರ್. "ಹಳದಿದು. ಅಲ್ಲೊಬ್ಬ ಅಣ್ಣ ಇದ್ದಾರೆ, ತಪ್ಪಿದ್ರೆ ನನ್ನ ಹುರಿದು ಮುಕ್ತಾರೆ."

"ಅದು ಯಾವುದಕ್ಕೋ ಇರಬೇಕು. ಎಲ್ಲಾದಕ್ಕೂ ಇದನ್ನೇ ಹಾಕ್ತೀವಲ್ಲ."

"ಕಪಾಟಲ್ಲಿ ಇಟ್ಟಿದ್ದ ನೆನಪು ಸರ್. ನೋಡ್ಲಾ?"

"ಮುಂದಿನ ಕೇಸು ಕಾಯ್ತಿದೆ ಸಿಸ್ಟರ್. ಹಾಕಿ ಬೇಗ."

ಸಿಸ್ಟರ್ ಕೈಯಲ್ಲಿ ಸೀಸೆ ಹಿಡಿದು ಇನ್ನೂ ಅನುಮಾನಿಸುತ್ತಿದ್ದಳು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಮಾತಿದೆ. ಊರಿನಲ್ಲೆಲ್ಲ ದೊಡ್ಡ ಬಾಯಿ ಇದ್ದವನು ಅಲ್ಲಿ ಅಂಗಾತ ಮಲಗಿದ್ದ. ಒಂದು ಮಾತು ಸಾಕಿತ್ತು. ಆದರೆ ಆ ಮಾತು ಪಿಸುಗುಟ್ಟಿ ಆಡುವಂಥದ್ದಲ್ಲ, ಆಡಿದರೂ ಬೈಂಡಿಂಗಿನವನಿಗೆ ಇದೆಲ್ಲ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತದೆ. ಪರದೆ ಸರಿಸಿ ಸಿಸ್ಟರ್ ಇಣುಕುತ್ತಾಳೆ. ಅಯ್ಯೋ ಗುಡುಗಣ್ಣ ನೀವಾ ಎನ್ನುತ್ತಾಳೆ. ಸಂಜೆಯೊಳಗೆ ಹತ್ತು ಆಸ್ಪತ್ರೆಗಳ ಥಿಯೇಟರುಗಳಲ್ಲಿ ಸುದ್ದಿ ಹರಡುತ್ತದೆ. ಅವನ ಕಾಲು ಅಗಲಿಸಿ ಕಟ್ಟಿದ್ದರು, ಸೊಂಟದ ಕೆಳಗೆ ಬಟ್ಟೆಯಿರಲಿಲ್ಲ. ಅವನು ತುಟಿ ಕಚ್ಚಿಕೊಂಡ. ತುಣುಕು ಸೀಸೆಗೆ ಬಿದ್ದದ್ದೂ ಮುಚ್ಚಳ ತಿರುಗಿಸಿದ್ದೂ ಕೇಳಿಸಿತು.

ಹೊಲಿಗೆ ಹಾಕಿ ಹೊರಗೆ ಕರೆತಂದಾಗ ಸಿಸ್ಟರ್ ಅವನ ಭುಜಕ್ಕೆ ಕೈಕೊಟ್ಟು ಎಬ್ಬಿಸಿ ಕೂರಿಸಿದಳು. "ನೋವಾಯ್ತಾ? ನೀವು ಹೂಂ ಹಾಂ ಅನ್ನಲೇ ಇಲ್ಲ. ಬಹಳ ಗಟ್ಟಿ ಮನುಷ್ಯರು" ಎಂದಳು. ಅವನು ಕುತ್ತಿಗೆ ಮುಟ್ಟಿ ತೋರಿಸಿ, ತಲೆ ತಗ್ಗಿಸಿದ.

ಮನೆಯಲ್ಲಿ ಸೊಂಟ ಉಳುಕಿದೆ ಎಂದು ಹೇಳಿ ಎರಡು ದಿನ ಮಲಗಿದ. ಹೆಂಡತಿ ಬಿಸಿನೀರಿನ ಚೀಲ ತಂದು ಸೊಂಟಕ್ಕಿಟ್ಟಳು. ಉಳುಕದ ಸೊಂಟಕ್ಕೆ ಶಾಖ ಕೊಡಿಸಿಕೊಳ್ಳುತ್ತಾ ಅವನು ಗೋಡೆಯ ಕಡೆ ತಿರುಗಿ ಮಲಗಿದ. ಬುಧವಾರ ಕೆಲಸಕ್ಕೆ ಹೋದಾಗ ಸೀಸೆ ಅವನ ಮೇಜಿನ ಮೇಲೆ ಕಾಯುತ್ತಿತ್ತು. ಚೀಟಿಯಲ್ಲಿ ತಾನೇ ಕಟ್ಟಿಕೊಂಡ ಹೆಸರು. ನೀರಿನಷ್ಟೇ ತಿಳಿಯಾದ ಫಾರ್ಮಲಿನ್ನಿನ ತಳದಲ್ಲಿ ಬಿಳಿಚಿದ ಒಂದು ಕಾಳು. ಚಿಮಟದಿಂದ ಅದನ್ನು ಎತ್ತಿ ಮೇಣದಲ್ಲಿ ಹೂತಿಟ್ಟ.

ಗುರುವಾರ ಬೆಳಿಗ್ಗೆ ಅದನ್ನು ಸೀಳಿದ. ಇಷ್ಟು ಚೆನ್ನಾಗಿ ಅವನು ಎಂದೂ ಸೀಳಿರಲಿಲ್ಲ. ಬಣ್ಣ ಕೊಟ್ಟು, ಡಾಕ್ಟರಮ್ಮ ಬರುವ ಮೊದಲೇ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟ. ಏನು ಕಾಣುತ್ತದೆಂದು ಅವನಿಗೆ ಸೋಮವಾರವೇ ಗೊತ್ತಿತ್ತು. ನಳಿಕೆಗಳು ಮುದುಡಿ ಬಿಟ್ಟುಕೊಂಡಿದ್ದವು, ಒಳಗಿನ ಕೋಶಗಳು ಕಲಸಿ ಮುದ್ದೆಯಾಗಿದ್ದವು. ವೀರ್ಯಾಣು ಇದೆ ಎನ್ನುವಂತಿಲ್ಲ, ಇಲ್ಲ ಎನ್ನುವಂತೆಯೂ ಇಲ್ಲ.

ಡಾಕ್ಟರಮ್ಮ ಬಂದು ನೋಡಿ ಕನ್ನಡಕ ತೆಗೆದಿಟ್ಟರು. "ಮತ್ತೆ ಫಾರ್ಮಲಿನ್! ನಾನು ಇದರ ಮೇಲೆ ಏನಂತ ಬರೀಲಿ? ಆ ಮನುಷ್ಯನಿಗೆ ಸುಮ್ಮನೆ ಕತ್ತರಿ ಹಾಕಿದ ಹಾಗಾಯ್ತು. ಯಾರು ಥಿಯೇಟರ್ ಸಿಸ್ಟರ್? ನೀವು ಫೋನ್ ಮಾಡಿ, ಇಲ್ಲೇ ನನ್ನೆದುರಿಗೇ ಮಾಡಿ. ನಾನು ಲಿಖಿತವಾಗಿ ದೂರು ಕೊಡ್ತೀನಿ. ಅವಳನ್ನ ಥಿಯೇಟರಿನಿಂದ ತೆಗೀಲಿ, ಆಗ ಬುದ್ಧಿ ಬರತ್ತೆ."

ಗುಡುಗಣ್ಣ ಫೋನು ಹಚ್ಚಿದ. ಆ ಕಡೆ ಸಿಸ್ಟರಿನ ದನಿ ಬಂದದ್ದೇ ತಡ, ಅವನ ದನಿ ತಾನಾಗಿ ಏರಿತು. ಹನ್ನೆರಡು ವರ್ಷದ ಅಭ್ಯಾಸ, ನಾಲಿಗೆಗೆ ದಾರಿ ಗೊತ್ತಿತ್ತು. "ಸಿಸ್ಟರ್! ಎಷ್ಟು ಸಲ ಹೇಳಬೇಕು ನಿಮಗೆ? ಸೀಸೆ ಕಳಿಸಿದ್ದೆ, ಚೀಟಿ ಅಂಟಿಸಿದ್ದೆ, ಕಣ್ಣು ಎಲ್ಲಿಟ್ಟಿದ್ರಿ? ಒಂದು ಸಂಸಾರದ ಪ್ರಶ್ನೆ ಅಂತ ನಿಮಗೆ..." ಎಂದು ಹೇಳುತ್ತಾ ಹೇಳುತ್ತಾ ಅವನಿಗೆ ತನ್ನ ದನಿ ಕೇಳಿಸಿತು. ಕೇಳಿ ಅಸಹ್ಯವಾಯಿತು. ಆದರೂ ವಾಕ್ಯ ಮುಗಿಸಿದ.

ಆ ಕಡೆಯಿಂದ ಸಿಸ್ಟರ್, "ತಪ್ಪಾಯ್ತು ಅಣ್ಣಾ. ನನಗೆ ಅನುಮಾನ ಬಂದಿತ್ತು, ಕಪಾಟು ನೋಡಬೇಕಿತ್ತು, ನೋಡಲಿಲ್ಲ. ನಂದೇ ತಪ್ಪು" ಎಂದಳು. ಸರ್ಜನ್ನಿನ ಹೆಸರೆತ್ತಲಿಲ್ಲ. "ಆ ಮನುಷ್ಯನ ಮುಖ ಕಣ್ಣೆದುರಿಗೆ ಬರ್ತಿದೆ. ಪಾಪ, ಗಂಟಲು ಬೇರೆ ಕಟ್ಟಿತ್ತು, ಒಂದು ಮಾತು ಆಡಲಿಲ್ಲ. ಅವರನ್ನ ಮತ್ತೆ ಕರೆದು ಮತ್ತೆ ಕತ್ತರಿಸಬೇಕು ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?" ಅವಳು ಅಳುತ್ತಿದ್ದಳು.

ಅವನು ಫೋನು ಕೆಳಗಿಟ್ಟ. ಡಾಕ್ಟರಮ್ಮ ಆಗಲೇ ಕಾಗದ ಎಳೆದುಕೊಂಡು ದೂರು ಬರೆಯಲು ಶುರುಮಾಡಿದ್ದರು. ಅವನು ಹೊರಗೆ ಹೋದ, ಕೈ ತೊಳೆದ, ತೊಳೆದ ಕೈಯನ್ನೇ ಮತ್ತೆ ತೊಳೆದ. ಬಿಸಿ ತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ. ಹೆಂಡತಿಯ ವಿಷಯದಲ್ಲಿ ನಾಲ್ಕು ವರ್ಷ ನುಂಗಿಕೊಂಡೇ ಇದ್ದವನಿಗೆ, ಒಂದೇ ಒಂದು ಸಲ ಮುಖ ನೋಡಿದ್ದ ಆ ಸಿಸ್ಟರಿನ ಅಳು ತಡೆಯಲಾಗಲಿಲ್ಲ ಎಂದರೆ ನೀವು ನಂಬುವುದು ಕಷ್ಟ. ಮನುಷ್ಯರು ಹೀಗೆಯೇ, ಹತ್ತಿರದವರ ಕಣ್ಣೀರಿಗೆ ಒಗ್ಗಿಹೋಗಿರುತ್ತಾರೆ.

ಒಳಗೆ ಬಂದು ಡಾಕ್ಟರಮ್ಮನ ಮೇಜಿನ ಮುಂದೆ ನಿಂತ. "ಮೇಡಮ್, ಆ ದೂರು ಬರೀಬೇಡಿ" ಎಂದ.

"ಯಾಕೆ? ಯಾವಾಗಲೂ ಬರೀರಿ ಬರೀರಿ ಅನ್ನೋರು ನೀವೇ ಅಲ್ವಾ?"

"ಆ ಸೀಸೇಲಿ ಇರೋದು ನಂದು."

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಅವನು ಸ್ಲೈಡಿನ ಕಡೆ ಕೈ ತೋರಿಸಿದ. "ಮೇಜಿನ ಮೇಲೆ ಮಲಗಿದ್ದೋನು ನಾನು. ಸಿಸ್ಟರ್ ಹಳದಿ ನೀರು ಅಂತ ನೆನಪು ಮಾಡಿದ್ರು, ಡಾಕ್ಟರು ಬೇಡ ಅಂದ್ರು, ನಾನು ಕೇಳಿಸ್ಕೊಂಡು ಸುಮ್ಮನಿದ್ದೆ. ದನಿ ಗುರುತು ಹಿಡೀತಾರೆ ಅಂತ."

ಡಾಕ್ಟರಮ್ಮ ಬರೆಯುತ್ತಿದ್ದ ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟರು. ಮುಖ ಎತ್ತಿ ನೋಡಲು ಅವರಿಗೂ ಮುಜುಗರವಾಗಿತ್ತು. "ಗಾಯ ಮಾಯಲಿ. ಮತ್ತೆ ತೆಗೆಯೋಣ" ಎಂದರು. ಆಮೇಲೆ ಏನೋ ನೆನಪಾದಂತೆ, "ನಿಮ್ಮ ಮನೆಯವರಿಗೆ ಸೋಮವಾರ ಆಪರೇಷನ್ ಅಂತ ರಜ ಕೇಳಿದ್ರಲ್ಲ? ಅವರಿಗೆ ಇದು ಗೊತ್ತಾ?" ಎಂದರು.

"ಇಲ್ಲ ಮೇಡಮ್."

"ಇವತ್ತು ಗುರುವಾರ" ಎಂದಷ್ಟೇ ಹೇಳಿ ಅವರು ಸೂಕ್ಷ್ಮದರ್ಶಕದ ದೀಪ ಆರಿಸಿದರು.

ಅವನು ಸಿಸ್ಟರಿಗೂ ಫೋನು ಮಾಡಿ ಹೇಳಿದ. ಈ ಸಲ ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿಯಬೇಕಾಯಿತು, ಅಷ್ಟು ಸಣ್ಣ ದನಿ. ಅವಳು ನಗಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಎರಡು ತಿಂಗಳ ಮೇಲೆ ಎರಡನೇ ತುಣುಕು ತೆಗೆದಾಗ ಅವಳೇ ನಿಂತು ಸರಿಯಾದ ಸೀಸೆಗೆ ಹಾಕಿಸಿದಳು. ಅದರಲ್ಲಿ ವೀರ್ಯಾಣು ಚೆನ್ನಾಗಿಯೇ ತಯಾರಾಗುತ್ತಿದ್ದದ್ದು ಕಂಡಿತು, ದಾರಿ ಮಾತ್ರ ಮುಚ್ಚಿತ್ತು. ಅಂದರೆ ನಾಲ್ಕು ವರ್ಷದ ಹಿಂದೆ ಬಾಯಿ ಬಿಟ್ಟಿದ್ದರೆ ಆಗಲೇ ಏನಾದರೂ ಮಾಡಬಹುದಿತ್ತು. ಆದರೆ ಅದು ಆಮೇಲಿನ ಮಾತು, ನಾನು ಹೇಳಹೊರಟಿದ್ದು ಆ ವಾರದ ಮಾತು.

ಆ ಗುರುವಾರ ಸಂಜೆ ಅವನು ಮನೆಗೆ ಹೋಗದೆ ಕನ್ನಡಕದ ಅಂಗಡಿಗೇ ಹೋದ. ಹೆಂಡತಿ ಬಾಗಿಲು ಹಾಕುವ ಹೊತ್ತು. ಪರೀಕ್ಷೆಯ ಕುರ್ಚಿಯಲ್ಲಿ ಅವನನ್ನು ಕೂರಿಸಿಕೊಂಡು, "ಏನ್ರೀ, ಸೊಂಟ ನೋವು ಹೆಚ್ಚಾಯ್ತಾ?" ಎಂದಳು. ಅವನು ಎದುರಿನ ಗೋಡೆಯ ಅಕ್ಷರಗಳನ್ನು ನೋಡಿಕೊಂಡು ಮೊದಲಿಂದ ಕೊನೆಯವರೆಗೆ ಹೇಳಿದ. ಸೊನ್ನೆ, ಆರು ಕೋಟಿ, ಬೈಂಡಿಂಗಿನವನು, ಸೀಸೆ, ಎಲ್ಲವನ್ನೂ.

ಅವನು ಮುಗಿಸಿದ ಮೇಲೆ ಅವಳು ಮಸೂರಗಳ ಪೆಟ್ಟಿಗೆ ಮುಚ್ಚಿ, ಕಪಾಟಿಗೆ ಬೀಗ ಹಾಕಿದಳು. "ನಿಮ್ಮಿಂದ ಮಕ್ಕಳಾಗಲ್ಲ ಅಂದಿದ್ರೆ ನಾನು ಬಿಟ್ಟು ಹೋಗ್ತೀನಿ ಅಂದ್ಕೊಂಡ್ರಾ?" ಎಂದಳು.

"ಇಲ್ಲ."

"ಮತ್ತೆ?"

"ನಾಚಿಕೆ ಆಯ್ತು."

"ನನಗೂ ಆಗ್ತಿತ್ತು" ಎಂದಳು ಅವಳು. "ನಾಲ್ಕು ವರ್ಷ. ನನ್ನದಲ್ಲದ್ದಕ್ಕೆ."

ರಸ್ತೆಯಲ್ಲಿ ಇಬ್ಬರೂ ನಾಲ್ಕು ಹೆಜ್ಜೆ ಅಂತರದಲ್ಲಿ ನಡೆದರು. ಮನೆ ಹತ್ತಿರವಾದಾಗ ಅವಳು ನಿಂತು ಹೇಳಿದಳು: "ನಾಳೆ ಬೆಳಿಗ್ಗೆ ನನ್ನ ಡಾಕ್ಟರ ಹತ್ರ ನೀವೇ ಹೋಗಿ ಆ ರಿಪೋರ್ಟು ಸುಳ್ಳು ಅಂತ ಹೇಳಿ, ಆಪರೇಷನ್ ನಿಲ್ಲಿಸಿ ಬನ್ನಿ. ಬಂದು ಅತ್ತೆಗೆ ಹೇಳಿ. ನಾನು ಹೇಳಲ್ಲ. ನೀವು ಹೇಳೋವಾಗ ನಾನು ಅಲ್ಲೇ ಕೂತಿರ್ತೀನಿ."

ಡಾಕ್ಟರ ಬಳಿ ಹೋದ, ಬೈಸಿಕೊಂಡ, ಆಪರೇಷನ್ನು ನಿಂತಿತು. ಅದು ಹೇಗೋ ಮುಗಿಯಿತು. ಕಷ್ಟವಾದದ್ದು ಮನೆಯ ನಡುಕೋಣೆ. ಶುಕ್ರವಾರ ಮಧ್ಯಾಹ್ನ ತಾಯಿ ಚಾಪೆಯ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಅವನು ಅವಳ ಪಕ್ಕದಲ್ಲಿ ಕೂತ. ಹೆಂಡತಿ ಎದುರಿನ ಗೋಡೆಗೆ ಒರಗಿ ಕೂತಳು.

"ಅಮ್ಮಾ, ಸೋಮವಾರದ ಆಪರೇಷನ್ ಬೇಡ ಅಂದ್ರು. ತೊಂದರೆ ಇರೋದು ನನ್ನಲ್ಲಿ. ಇವಳಲ್ಲಿ ಏನೂ ಇಲ್ಲ."

ತಾಯಿ ಅವನನ್ನು ನೋಡಿದಳು. ನೋಡ ನೋಡುತ್ತ ಅವಳ ಕಣ್ಣು ತುಂಬಿತು. ಕೈಯನ್ನು ಸೆರಗಿಗೆ ಒರೆಸಿ ಅವನ ತಲೆಯ ಮೇಲಿಟ್ಟಳು. "ನೀನು ಒಂದಲ್ಲ ಒಂದು ದಿನ ಹೀಗೆ ಹೇಳ್ತೀಯ ಅಂತ ನನಗೆ ಗೊತ್ತಿತ್ತು ಕಣೋ. ನಿಮ್ಮಪ್ಪನೂ ಹೀಗೇ, ಇನ್ನೊಬ್ಬರ ತಪ್ಪು ತಲೆ ಮೇಲೆ ಹೊತ್ಕೊಳ್ಳೋ ಮನುಷ್ಯ." ಆಮೇಲೆ ಸೊಸೆಯ ಕಡೆ ತಿರುಗಿ, "ನೋಡಮ್ಮ, ಎಂಥ ಗಂಡ ಸಿಕ್ಕಿದ್ದಾನೆ ನಿನಗೆ. ನಿನ್ನ ಮಾನ ಉಳಿಸೋಕೆ ಗಂಡಸಾದವನು ಇಂಥ ಮಾತು ಬಾಯಲ್ಲಿ ತರ್ತಿದ್ದಾನೆ" ಎಂದಳು.

ತಾಯಿಯ ಕೈ ತಲೆಯ ಮೇಲೆ ಬೆಚ್ಚಗಿತ್ತು. ಇಲ್ಲಿಗೇ ನಿಲ್ಲಿಸಿಬಿಡಬಹುದು ಎಂದು ಅವನಿಗೆ ಅನ್ನಿಸಿದ್ದು ಸುಳ್ಳಲ್ಲ. ಹೇಳಬೇಕಾದ್ದನ್ನು ಹೇಳಿಯಾಯಿತು, ಅವಳು ನಂಬದಿದ್ದರೆ ತಾನೇನು ಮಾಡಲಿ? ಆಪರೇಷನ್ನೂ ತಪ್ಪಿತು, ಮೇಲೆ ಹೊಗಳಿಕೆ ಬೇರೆ. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇವನು ಈಗ ಏನು ಮಾಡುತ್ತಾನೆಂದು ಅವಳಿಗೆ ಗೊತ್ತಿರುವಂತಿತ್ತು.

ಅವನು ತಾಯಿಯ ಕೈಯನ್ನು ತಲೆಯಿಂದ ತೆಗೆದ. "ಇಲ್ಲಮ್ಮ. ನಾನು ಯಾರ ತಪ್ಪನ್ನೂ ಹೊತ್ಕೊಳ್ತಿಲ್ಲ. ನಾಲ್ಕು ವರ್ಷದ ಹಿಂದೆ ನನ್ನ ಕೈಯಾರೆ ಪರೀಕ್ಷೆ ಮಾಡಿ ನೋಡಿದೆ. ಏನೂ ಇರಲಿಲ್ಲ. ಚೆನ್ನಾಗಿದೆ ಅಂತ ನಾನೇ ಸುಳ್ಳು ರಿಪೋರ್ಟು ಟೈಪ್ ಮಾಡಿ ಇವಳ ಕೈಗೆ ಕೊಟ್ಟೆ. ಈ ಸೋಮವಾರ ನನಗೇ ಕತ್ತರಿ ಹಾಕಿ ತುಣುಕು ತೆಗೆದಿದ್ದಾರೆ. ಸೊಂಟ ಉಳ್ಕಿಲ್ಲ, ಹೊಲಿಗೆ ಇದೆ. ಬೇಕಾದ್ರೆ ತೋರಿಸ್ತೀನಿ."

ತಾಯಿ ಒಂದು ಬಟಾಣಿ ಕಾಯಿ ಎತ್ತಿಕೊಂಡಳು, ಸುಲಿಯಲಿಲ್ಲ. ಸೊಸೆಯನ್ನು ಕೇಳಿದಳು: "ನಿನಗೆ ಗೊತ್ತಿತ್ತಾ?"

"ನಿನ್ನೆ ಗೊತ್ತಾಯ್ತು ಅತ್ತೆ."

"ನಿನ್ನೆ..." ತಾಯಿ ಕೈಯಲ್ಲಿದ್ದ ಕಾಯನ್ನು ನೋಡುತ್ತಾ ಕೂತಳು. "ಕಳೆದ ಆಪರೇಷನ್ ಆದ ದಿನ, ನೀನು ಮಂಚದ ಮೇಲೆ ವಾಂತಿ ಮಾಡ್ಕೊಂಡು ಬಿದ್ದಿದ್ದೆ. ನಾನು ಬಾಗಿಲಲ್ಲಿ ನಿಂತು ಒಂದು ಮಾತಂದೆ. ಹುರುಳಿಲ್ಲದ ಮೈಯನ್ನ ಎಷ್ಟು ಸಲ ಕುಯ್ದರೇನು ಅಂತ."

"ಹೂಂ ಅತ್ತೆ."

"ಆಗ ಇವನೂ ಅಲ್ಲೇ ಇದ್ದ. ಬಕೆಟ್ಟು ಹಿಡ್ಕೊಂಡು ನಿಂತಿದ್ದ."

"ಹೂಂ."

ತಾಯಿ ಮಗನ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ. "ನನ್ನ ಬಾಯಿಂದ ಅದನ್ನೆಲ್ಲ ಆಡಿಸಿ, ನಿಂತ್ಕೊಂಡು ಕೇಳಿದೆಯಲ್ಲೋ" ಎಂದಳು. ಅವಳು ಮೊಣಕಾಲು ಹಿಡಿದು ಕಷ್ಟಪಟ್ಟು ಎದ್ದು, ನಡೆದು ಹೋಗಿ ಸೊಸೆಯ ಪಕ್ಕದಲ್ಲಿ ಕೂತಳು. "ನೀನು ಸ್ವಲ್ಪ ಹೊರಗೆ ಹೋಗಪ್ಪ. ನಮಗೆ ಮಾತಾಡೋದಿದೆ" ಎಂದಳು.

ಅವನು ಎದ್ದು ಹೋಗಿ ಹೊರಗಿನ ಮೆಟ್ಟಿಲ ಮೇಲೆ ಕೂತ. ಹೊಲಿಗೆ ಜಗ್ಗಿ ನೋಯುತ್ತಿತ್ತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಳು ಕೇಳಿಸಿತು. ಅಳುತ್ತಿದ್ದವಳು ತಾಯಿ, ಅವಳನ್ನು ಸಮಾಧಾನ ಮಾಡುತ್ತಿದ್ದವಳು ಹೆಂಡತಿ.